ಶುಕ್ರವಾರದ ನಾಲಿಗೆ

ಘನವಂತರಾದ ವಾಚಕ ಮಹಾಶಯರೇ, ಈ ಕಥೆಯಲ್ಲಿ ರಾಜಕುಮಾರಿಯರಿಲ್ಲ. ಕತ್ತಿ ಹಿಡಿದವನೊಬ್ಬನಿದ್ದರೂ ಅವನ ಕೈಯಲ್ಲಿ ಪ್ರಾಣ ಬಿಟ್ಟವು ಹಂದಿಗಳು ಮಾತ್ರವೆಂಬುದನ್ನು ಮೊದಲೇ ಸವಿನಯವಾಗಿ ಅರಿಕೆ ಮಾಡಿಕೊಂಡು ಕಥಾಭಾಗಕ್ಕೆ ಬರುತ್ತೇನೆ.

ಪೋಲೆಂಡಿನ ತೆಂಕಣ ಅಂಚಿನ ಚೆಶಿನ್ ಸೀಮೆಯ ಬೆಟ್ಟದ ಹಳ್ಳಿಗಳಲ್ಲಿ ಕ್ಯಾಥೊಲಿಕ್ಕರೂ ಲೂಥರನ ಪಂಥದವರೂ ಬೇಲಿಗೆ ಬೇಲಿ ಹಚ್ಚಿಕೊಂಡು ಬಾಳುತ್ತಾರೆ. ಚಳಿಗಾಲ ಬಂದಿತೆಂದರೆ ಮನೆಮನೆಗೆ ಹೋಗಿ ಹಂದಿ ಕಡಿದುಕೊಡುತ್ತಿದ್ದ ಲುದ್ವಿಕ್ ಕ್ಯಾಥೊಲಿಕ್. ಅವನ ಜೊತೆಗಾರ ಯೂರಾ ಲೂಥರನ ಪಂಥದವನು, ಶುಕ್ರವಾರ ಮಾಂಸ ಬಿಡಬೇಕೆಂಬ ಕ್ಯಾಥೊಲಿಕ್ ಕಟ್ಟಳೆ ಅವನಿಗಿರಲಿಲ್ಲ. ಶುಕ್ರವಾರ ಲುದ್ವಿಕ್ ಮಾಂಸ ತಿನ್ನುತ್ತಿರಲಿಲ್ಲ. ಕಡಿಯುತ್ತಿದ್ದ, ಬೇಯಿಸುತ್ತಿದ್ದ, ಕರುಳಿಗೆ ತುಂಬುತ್ತಿದ್ದ. ಬಾಯಿಗೆ ಮಾತ್ರ ಇಡುತ್ತಿರಲಿಲ್ಲ. ಮಹಾಯುದ್ಧದಲ್ಲಿ ಇಟಲಿಯ ಕಂದಕದೊಳಗೆ ಹೊಟ್ಟೆ ಬೆನ್ನಿಗೆ ಹತ್ತಿದ್ದಾಗಲೂ ಶುಕ್ರವಾರದ ಡಬ್ಬಿ ಮಾಂಸವನ್ನು ಪಕ್ಕದಲ್ಲಿದ್ದ ಯೂರಾನ ಕೈಗಿಟ್ಟಿದ್ದ. ಅವರ ಗೆಳೆತನ ಹುಟ್ಟಿದ್ದು ಅಲ್ಲಿ. ಊರಿಗೆ ಮರಳಿದ ಮೇಲೆ ಶುಕ್ರವಾರದ ಉಪ್ಪು ನೋಡುವ ಕೆಲಸ ಯೂರಾನದಾಯಿತು.

"ಬಾಯಿ ತೆಗಿಯೋ, ಪಾಷಂಡಿ," ಎಂದು ಲುದ್ವಿಕ್ ಚಮಚ ಚಾಚುತ್ತಿದ್ದ.

"ಹಾಕೋ ಪುಣ್ಯಾತ್ಮ. ನರಕಕ್ಕೆ ನನ್ನ ನಾಲಿಗೆ ಒಂದೇ ಹೋಗುತ್ತೆ. ಮಿಕ್ಕಿದ್ದು ನಿನ್ನ ಜೊತೆ ಸ್ವರ್ಗಕ್ಕೇ ಬರುತ್ತೆ," ಎನ್ನುತ್ತಿದ್ದ ಯೂರಾ.

ಹೀಗೆ ಎಷ್ಟೋ ಚಳಿಗಾಲಗಳು ಕಳೆದವು. ಒಂದು ವರ್ಷ ಯೂರಾನ ಒಬ್ಬಳೇ ಮಗಳು ಹಾನ್ಕಾಳ ಮದುವೆ ಶನಿವಾರಕ್ಕೆ ಗೊತ್ತಾಯಿತು. ಹಿಂದಿನ ದಿನ ಅವನ ಅಂಗಳದಲ್ಲೇ ಹಂದಿ ಬಿತ್ತು. ಯೂರಾ ಆಗಷ್ಟೇ ದೊಡ್ಡ ಜ್ವರದಿಂದ ಎದ್ದಿದ್ದ. ಬಾರ್ಲಿ ನುಚ್ಚು, ಬೆಂದ ಮಾಂಸ, ನೆತ್ತರು ಕಲಸಿದ ಮರಿಗೆಯ ಮುಂದೆ ನಿಂತು ಅವನು ಬಾಯಾಡಿಸಿದ.

"ಸಪ್ಪೆ. ಇನ್ನೊಂದು ಹಿಡಿ ಹಾಕು."

ಲುದ್ವಿಕ್ ಹಾಕಿದ.

"ಇನ್ನೂ ಸಪ್ಪೇನೇ."

ಲುದ್ವಿಕ್‌ನ ಕೈ ಉಪ್ಪಿನ ಮಡಕೆಯಲ್ಲೇ ನಿಂತಿತು. ಆ ಮರಿಗೆಗೆ ಎಷ್ಟು ಹಿಡಿಯೆಂಬುದನ್ನು ಅವನ ಕೈ ಬಲ್ಲದು. ಯೂರಾನ ಮುಖ ನೋಡಿದ. ಒಣಹುಲ್ಲು ಅಗಿಯುವವನಂತೆ ಅವನು ಅಗಿಯುತ್ತಿದ್ದ. ಯೂರಾನ ಹೆಂಡತಿ ಜುಜಾನ್ನಾ ಚಮಚಕ್ಕೆ ಕೈ ಚಾಚಿದಳು. ಯೂರಾ ಆ ಕೈಯನ್ನು ತಳ್ಳಿದ.

"ಯಾಕೆ, ನನ್ನ ನಾಲಿಗೆ ಮೇಲೆ ನಂಬಿಕೆ ಹೋಯ್ತಾ?"

ಅವಳು ಲುದ್ವಿಕ್‌ನತ್ತ ತಿರುಗಿದಳು. "ಲುದ್ವಿಕಣ್ಣ, ನೀವೇ ಒಂದು ಚೂರು ನಾಲಿಗೆಗೆ ಹಚ್ಚಿ ಉಗಿದುಬಿಡಿ. ಉಗಿದ್ರೆ ತಿಂದ ಹಾಗಲ್ಲ ಅಂತ ನಿಮ್ಮ ಪಾದ್ರಿಗಳೇ ಅಂದಿದ್ರಲ್ಲ."

"ಪಾದ್ರಿಗಳು ಅಂದಿರಬಹುದಮ್ಮ, ನಾನು ಅಂದಿಲ್ಲ. ಇವತ್ತು ಶುಕ್ರವಾರ."

ಕಂದಕದಲ್ಲಿಯೂ ಮುರಿಯದ ವ್ರತವನ್ನು ಒಂದು ಮರಿಗೆಯ ಮುಂದೆ ಮುರಿಯುವುದೇ ಎಂಬ ಬಿಗುಮಾನ ಅವನನ್ನು ಹಿಡಿದಿತ್ತು. ಇನ್ನೊಂದು ಹಿಡಿ ಉಪ್ಪು ಸುರಿದು ಕಲಸತೊಡಗಿದ.

ಮರುದಿನ ಊಟದ ಮೇಜಿನ ಮೇಲೆ, ಆ ಮರಿಗೆಯದನ್ನೇ ಕರುಳಿಗೆ ತುಂಬಿದ ಬಿಸಿ ಸಾಸೇಜು ಬಂತು. ವರನ ಸೋದರಮಾವ ಒಂದು ತುತ್ತು ಕಚ್ಚಿ ಬಿಯರಿನ ಲೋಟಕ್ಕೆ ಕೈ ಹಾಕಿದ.

"ಬೀಗರೇ, ಈ ಹಂದಿಗೆ ಸಮುದ್ರದಲ್ಲಿ ಈಜು ಕಲಿಸಿದ್ರಾ ಹೇಗೆ?"

ನಗೆ ಎದ್ದಿತು. ತಟ್ಟೆಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಯೂರಾ ಒಬ್ಬನೇ ಎರಡನೆಯ ತುಂಡನ್ನು ತಿನ್ನುತ್ತ, ಜನ ಏಕೆ ನಗುತ್ತಿರುವರೆಂದು ತಿಳಿಯದೆ ಸುತ್ತ ನೋಡುತ್ತಿದ್ದ. ಕೊನೆಗೆ ಎಲ್ಲರ ಕಣ್ಣು ಹಂದಿ ಕಡಿದ ಲುದ್ವಿಕ್‌ನ ಮೇಲೆ ಬಿತ್ತು. 'ನನ್ನ ಕೈ ತಪ್ಪಿತು' ಎಂದಿದ್ದರೆ ಆಗುತ್ತಿತ್ತು. ಲುದ್ವಿಕ್ ಹಾಗೆನ್ನಲಿಲ್ಲ.

"ಉಪ್ಪು ನೋಡಿದ್ದು ನಾನಲ್ಲ, ಯೂರಾನೇ. ನನಗೆ ನಿನ್ನೆ ಶುಕ್ರವಾರ."

ಮದುಮಗಳು ತಂದೆಯ ತಟ್ಟೆ ನೋಡಿದಳು. "ಅಪ್ಪಾ, ನಿಂಗೆ ರುಚಿ ಗೊತ್ತಾಗ್ತಿಲ್ವಾ?" ಮೆಲ್ಲಗೇ ಕೇಳಿದ್ದಳು. ಆದರೆ ಆ ಹೊತ್ತಿಗೆ ನಗೆ ನಿಂತಿತ್ತು.

ಯೂರಾ ಮುಳ್ಳುಚಮಚ ಕೆಳಗಿಟ್ಟ. "ಹಸುಗಳಿಗೆ ಮೇವು ಹಾಕಿ ಬರ್ತೀನಿ," ಎಂದು ಎದ್ದು ಹೋದವನು ಮಗಳ ಮದುವೆಯ ಕುಣಿತ ಮುಗಿಯುವವರೆಗೂ ಕೊಟ್ಟಿಗೆಯಿಂದ ಬರಲಿಲ್ಲ.

ಮುಂದಿನ ಶುಕ್ರವಾರ ಲುದ್ವಿಕ್ ಬಟ್ಟಲಿನಲ್ಲಿ ಕಲಸಿದ ಮಾಂಸ ತೆಗೆದುಕೊಂಡು ಯೂರಾನ ಮನೆಯ ಮೆಟ್ಟಿಲು ಹತ್ತಿದ.

"ಲೋ ಯೂರಾ, ಬಾರೋ. ಉಪ್ಪು ನೋಡೋರಿಲ್ಲ."

"ನನ್ನ ಕೇಳ್ತೀಯಾ? ಜ್ವರ ಬಂದಾಗಿಂದ ನಂಗೆ ಮಾಂಸವೂ ಒಂದೇ, ಮರದ ಪುಡಿಯೂ ಒಂದೇ."

"ನಂಗೆ ಅವತ್ತೇ ಅನುಮಾನ ಬಂದಿತ್ತು ಕಣೋ."

"ಬಂದಿದ್ದು ಗೊತ್ತು. ನಿನ್ನ ಕೈ ನಿಂತಿತಲ್ಲ, ನೋಡಿದೆ. ಬಾಯಿಬಿಟ್ಟು ಹೇಳೋಕೆ ನಂಗೆ ನಾಚಿಕೆ. ನೀನು ಒಂದು ಚೂರು ಬಾಯಿಗೆ ಹಾಕ್ಕೊಂಡು ನನ್ನ ಮಾನ ಉಳಿಸ್ತೀಯ ಅಂತ ಕಾದೆ."

ಲುದ್ವಿಕ್ ಚಮಚ ತುಂಬಿ ತನ್ನ ಬಾಯಿಯತ್ತ ಎತ್ತಿದ. ಯೂರಾ ಅವನ ಮಣಿಕಟ್ಟು ಹಿಡಿದ.

"ಬೇಡ. ಅವತ್ತು ಒಂದು ಚೂರು ಸಾಕಿತ್ತು. ಇವತ್ತು ಇಡೀ ಹಂದಿ ತಿಂದ್ರೂ ಅದಾಗಲ್ಲ. ನಿನ್ನ ಶುಕ್ರವಾರ ನೀನೇ ಇಟ್ಕೊ."

ಆಮೇಲೆ ಲುದ್ವಿಕ್ ಶುಕ್ರವಾರಗಳಲ್ಲಿ ಕತ್ತಿ ಮುಟ್ಟಲಿಲ್ಲ. ಆ ದಿನ ಬಂದರೆ ಕಿಟಕಿಯ ಬಳಿ ಕೂತು ಎದುರಿನ ಇಳಿಜಾರಿನಲ್ಲಿರುವ ಯೂರಾನ ಮನೆಯ ಹೊಗೆ ನೋಡುತ್ತಾನೆ. ಈ ಚಳಿಗಾಲ ಅವನ ಅಟ್ಟದಲ್ಲಿ ಮಲಗಲು ಊರೂರು ಅಲೆಯುವ ನನಗೆ ಜಾಗ ಸಿಕ್ಕಿತ್ತು. ಇದನ್ನೆಲ್ಲ ಅವನೇ ಹೇಳಿದ. ಇಂದು ನಾನು ಹೊರಡುವ ದಿನ, ಶುಕ್ರವಾರ. ಬುತ್ತಿಗೆ ರೊಟ್ಟಿ, ಗಿಣ್ಣು ಕಟ್ಟಿಕೊಟ್ಟ. ಬಳಿಕ ಒಂದು ಕ್ಷಣ ತಡೆದು, ಹೊಗೆಯಲ್ಲಿ ಒಣಗಿಸಿದ ಮಾಂಸದ ತುಂಡೊಂದನ್ನೂ ಇಟ್ಟ.

"ನಿನಗೆ ಶುಕ್ರವಾರ ಇಲ್ಲವಲ್ಲ," ಎಂದ. "ತಿಂದು ಉಪ್ಪು ಹೇಗಿದೆ ಅಂತ... ಹೋಗಲಿ ಬಿಡು, ದಾರಿ ಉದ್ದ ಇದೆ."

ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿದೆ. ಕಣಿವೆಗೆ ಇಳಿಯುವ ದಾರಿ ಯೂರಾನ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಆ ದಾರಿ ಹಿಡಿದು ಹೊರಟೆ.