ಡೀಸೆಲ್ ಗಾಡಿಯೂ ಬಿಳಿ ಗೌನೂ

ಗುಡ್ಡಗಳ ನಡುವಿನ ರುತೆಂಗ್ ಪೇಟೆಯಲ್ಲಿ ಮದುವೆ ಗೊತ್ತಾದವರು ಮೊದಲು ಚರ್ಚಿಗೆ ಹೋಗಿ ಪಾದ್ರಿಗಳನ್ನು ಕಾಣುತ್ತಿದ್ದರು, ಅಲ್ಲಿಂದ ನೇರ ಯೋವಿತಾಳ ಮನೆಗೆ ಬರುತ್ತಿದ್ದರು. ಮದುಮಗಳನ್ನು ಸಿಂಗರಿಸುವುದು ಅವಳ ಕೆಲಸ. ಬಿಳಿ ಗೌನುಗಳು, ಬಣ್ಣದ ನೂಲಿನ ಚಿತ್ತಾರ ನೇಯ್ದ ನಮ್ಮ ಕಡೆಯ ಕಪ್ಪು ಸೊಂಗ್ಕೆ ಬಟ್ಟೆಗಳು, ಹಣೆಗೆ ಕಟ್ಟುವ ಬಂಗಾರ ಬಣ್ಣದ ಕಿರೀಟ, ಆಳೆತ್ತರದ ನಿಲುವುಗನ್ನಡಿ, ಎಲ್ಲವೂ ಅವಳ ಸ್ವಂತದ್ದು. ಗಾಡಿ ಮಾತ್ರ ಬಾಡಿಗೆಯದು.

ಒಂದು ಮಳೆಗಾಲದಲ್ಲಿ, ಗುಡ್ಡದ ಮೇಲಿನ ಮದುವೆಗೆ ಹೊರಟಾಗ, ಆ ಬಾಡಿಗೆ ಗಾಡಿಯವನು ನಡುದಾರಿಯಲ್ಲಿ ನಿಲ್ಲಿಸಿ, ಇನ್ನು ಮೇಲಕ್ಕೆ ಬರುವುದಿಲ್ಲ ಎಂದು ಕೈಕೊಟ್ಟ. ಯೋವಿತಾ ಗೌನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು, ಕೆಸರಿನಲ್ಲಿ ಜಾರುತ್ತ ಏಳುತ್ತ ಹತ್ತಿದಳು. ತಲುಪುವಷ್ಟರಲ್ಲಿ ಚರ್ಚಿನಲ್ಲಿ ಪೂಜೆಯ ಗಂಟೆ ಹೊಡೆದಾಗಿತ್ತು. ಸಂಜೆ ಮನೆಗೆ ಬಂದವಳೇ ಕಾಲು ಸಹ ತೊಳೆಯದೆ ಗಂಡನಿಗೆ ಹೇಳಿದಳು: "ನಾನು ಗಾಡಿ ತಗೋತೀನಿ." ಅದು ಅಪ್ಪಣೆ ಕೇಳಿದ್ದಾಗಿರಲಿಲ್ಲ.

ಗಂಡ ಬೆನ್ಯಾಮಿನ್ ಶಾಲೆಯ ಮೇಷ್ಟ್ರು. ಚರ್ಚಿನ ಗಾಯಕರಿಗೆ ಹಾಡು ಕಲಿಸುವವನೂ ಅವನೇ. ಗಾಡಿ ಕೊಳ್ಳುವುದಕ್ಕೆ ಅವನ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಯೋವಿತಾಳ ತಮ್ಮ ಕಾನಿಸ್ ಒಂದು ಹಳೆಯ ಡೀಸೆಲ್ ಗಾಡಿ ನೋಡಿಕೊಂಡು ಬಂದಾಗ. ನಿವೃತ್ತರಾದ ದನದ ಡಾಕ್ಟರೊಬ್ಬರದು, ಏಳು ಸೀಟಿನದು. ಕಾನಿಸ್ ಮರದ ಬೆಂಚು ಹಾಕಿದ ಟ್ರಕ್ಕಿನಲ್ಲಿ ಜನ, ಹಂದಿ, ಕಾಫಿ ಮೂಟೆ ಎಲ್ಲವನ್ನೂ ಒಟ್ಟಿಗೆ ತುಂಬಿಕೊಂಡು ಹಳ್ಳಿಹಳ್ಳಿ ತಿರುಗುವವನು. ಅವನ ಲೆಕ್ಕದಲ್ಲಿ ಡೀಸೆಲ್ ಅಲ್ಲದ್ದು ಗಾಡಿಯೇ ಅಲ್ಲ.

"ಅಕ್ಕಾ, ಅದರ ಎಳೆತ ನೋಡ್ಬೇಕು ನೀನು. ಗುಡ್ಡಾನೇ ಕಟ್ಟಿ ಎಳಿ ಅಂದ್ರೂ ಎಳೀತದೆ. ಎಣ್ಣೆ ಕುಡಿಯೋದೂ ಕಡಿಮೆ. ಸರಿಯಾಗಿ ನೋಡ್ಕೊಂಡ್ರೆ ನಿನ್ನ ಮೊಮ್ಮಕ್ಕಳೂ ಓಡಿಸ್ತಾರೆ."

"ಸದ್ದೋ?" ಎಂದ ಬೆನ್ಯಾಮಿನ್. "ನಿನ್ನೆ ಅದನ್ನ ತಂದು ನಮ್ಮ ಶಾಲೆ ಗೇಟಿನ ಹತ್ರ ನಿಲ್ಲಿಸಿದ್ಯಲ್ಲ, ಒಳಗೆ ಮಕ್ಕಳಿಗೆ ಹಾಡು ಹೇಳ್ಕೊಡ್ತಿದ್ದೆ. ತಾಳಾನೂ ಇಲ್ಲ, ಶ್ರುತಿನೂ ಇಲ್ಲ, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ."

"ಭಾವ, ಅಕ್ಕ ಗಾಡಿ ತಗೋತಿರೋದು ಕೂತು ಕೇಳೋಕಲ್ಲ, ಕೂತು ಹೋಗೋಕೆ."

"ಈ ಊರಿನ ಚಳಿಗೆ ಬೆಳಿಗ್ಗೆ ಬೇಗ ಸ್ಟಾರ್ಟೂ ಆಗಲ್ಲ. ಡೀಸೆಲ್ ಸಿಗದ ವಾರ ಪಂಪಿನ ಮುಂದೆ ನಿಮ್ಮ ಟ್ರಕ್‌ಗಳ ಸಾಲು ಚರ್ಚಿನ ತನಕ ಇರತ್ತೆ. ಅಲ್ಲಿ ಹೋಗಿ ನಿಲ್ತಾಳಾ ನಿಮ್ಮಕ್ಕ? ರಿಪೇರಿಗೆ ಬಂದ್ರೆ ಸಾಮಾನು ಎಲ್ಲಿಂದ ತರಿಸ್ತೀಯ?"

ಬೆನ್ಯಾಮಿನ್ ಬೇರೆ ಗಾಡಿ ಮನಸ್ಸಿನಲ್ಲಿಟ್ಟಿದ್ದ. ಅವನ ಜೊತೆಯ ಮೇಷ್ಟ್ರು ಹೆರ್ಮನ್ ತನ್ನ ಪೆಟ್ರೋಲ್ ಕಾರು ಮಾರುವವನಿದ್ದ. ಬೆಳ್ಳಿ ಬಣ್ಣ, ಒಂದು ಗೀರಿಲ್ಲ. ಚಾಲೂ ಮಾಡಿದರೆ ಬೆಕ್ಕು ಮಲಗಿದಷ್ಟೇ ಸದ್ದು.

ಇಬ್ಬರ ವಾದ ಕೇಳುತ್ತ ಯೋವಿತಾ ಗೌನಿನ ಅಂಚಿಗೆ ಲೇಸು ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ ತಲೆಯೆತ್ತಿದಳು. "ಬಾಯಲ್ಲಿ ಗುಡ್ಡ ಹತ್ತಿದ್ದು ಸಾಕು. ಶನಿವಾರ ಗೋಲೋ ವಾತುನಲ್ಲಿ ಮದುವೆ ಇದೆ. ಎರಡೂ ಗಾಡಿ ಬರಲಿ. ಅರ್ಧ ಸಾಮಾನು ಇದಕ್ಕೆ, ಅರ್ಧ ಅದಕ್ಕೆ. ಆಮೇಲೆ ಮಾತಾಡೋಣ."

ಗೋಲೋ ವಾತು ಎಂದರೆ ಬಾಡಿಗೆ ಗಾಡಿಯವರು ಹೆಸರು ಕೇಳಿದರೇ ಬರುವುದಿಲ್ಲವೆನ್ನುವ ಗುಡ್ಡದ ಮೇಲಿನ ಊರು. ಆ ಮದುವೆಯ ಹೆಣ್ಣು ರೊಸಾಲಿಯಾಗೆ ಐವತ್ತು ದಾಟಿತ್ತು. ಊರ ಪದ್ಧತಿಯಂತೆ ಹಿರಿಯರ ಮುಂದೆ ಕೋಳಿ ಕೊಟ್ಟು, ಮಾತು ಆಡಿ, ಗಂಡನ ಮನೆ ಸೇರಿದ್ದು ಹುಡುಗಿಯಾಗಿದ್ದಾಗ. ಎರಡು ಮನೆಗಳ ನಡುವಿನ ಕೊಡುವ ತರುವ ಮಾತು ಬಗೆಹರಿಯದೆ ಚರ್ಚಿನ ಮದುವೆ ಮುಂದೆ ಹೋಗುತ್ತಲೇ ಬಂದಿತ್ತು. ಮಕ್ಕಳು ದೊಡ್ಡವರಾಗಿ ತಾವೇ ನಿಂತು ಅಪ್ಪ ಅಮ್ಮನ ಮದುವೆ ಮಾಡಿಸುತ್ತಿದ್ದರು.

ಶನಿವಾರ ಬೆಳಗ್ಗೆ ಎರಡು ಗಾಡಿಗಳೂ ಹೊರಟವು. ಮುಂದೆ ಹೆರ್ಮನ್‌ನ ಕಾರು, ಅದರಲ್ಲಿ ಬೆನ್ಯಾಮಿನ್, ನಿಲುವುಗನ್ನಡಿ, ಬಣ್ಣದ ಪೆಟ್ಟಿಗೆಗಳು. ಹಿಂದೆ ಡೀಸೆಲ್ ಗಾಡಿ, ಕಾನಿಸ್ ಚಾಲಕ, ಪಕ್ಕದಲ್ಲಿ ಯೋವಿತಾ, ಹಿಂಬದಿಯಲ್ಲಿ ಗೌನುಗಳು. ಗದ್ದೆ ಬಯಲಿನ ಡಾಂಬರು ರಸ್ತೆಯಲ್ಲಿ ಬೆಳ್ಳಿ ಕಾರು ಮಿಂಚಿನಂತೆ ಮುಂದೆ ಹೋಯಿತು. ಕಿಟಕಿಯಿಂದ ಬೆನ್ಯಾಮಿನ್ ಕೈ ಬೀಸಿದ. ಕಾನಿಸ್ ಹಲ್ಲು ಕಡಿದ.

ಡಾಂಬರು ಮುಗಿದು ಕಲ್ಲಿನ ಏರು ಬಂತು. ಎರಡನೆಯ ತಿರುವಿನಲ್ಲಿ ಕಾರು ಏದುಸಿರು ಬಿಡತೊಡಗಿತು. ಮೂರನೆಯದರಲ್ಲಿ ಚಕ್ರ ಇದ್ದಲ್ಲೇ ತಿರುಗಿ ಕಲ್ಲು ಹಾರಿಸಿತು. ಹೆರ್ಮನ್ ಮುಖ ಒರೆಸಿಕೊಂಡು, "ಮೇಷ್ಟ್ರೇ, ಒಂಚೂರು ಇಳೀತೀರಾ? ಆ ಕನ್ನಡೀನೂ ತಗೊಂಡ್ಬಿಡಿ," ಎಂದ. ಬೆನ್ಯಾಮಿನ್ ಇಳಿದ. ಭಾರ ಕಡಿಮೆಯಾದ ಕಾರು ಹಾಗೂ ಹೀಗೂ ಹತ್ತಿತು. ಡೀಸೆಲ್ ಗಾಡಿ ಬಂದಾಗ ಮೇಷ್ಟ್ರು ಆಳೆತ್ತರದ ಕನ್ನಡಿಯನ್ನು ತಬ್ಬಿಕೊಂಡು ಏರು ಹತ್ತುತ್ತಿದ್ದ.

ಕಾನಿಸ್ ನಿಧಾನ ಮಾಡಿ ಕಿಟಕಿಯಿಂದ ತಲೆ ಹಾಕಿದ. "ಭಾವ, ಮುಖ ನೋಡ್ಕೊಂಡು ಸಾಕಾಯ್ತಾ? ಬನ್ನಿ, ಈ ಕಲ್ಲಿನ ಡಬ್ಬದಲ್ಲಿ ಜಾಗ ಇದೆ."

ಬೆನ್ಯಾಮಿನ್ ಕನ್ನಡಿಯನ್ನು ಒಳಗೆ ಸರಿಸಿ ಹತ್ತಿ ಕುಳಿತ. ಡೀಸೆಲ್ ಗಾಡಿ ಗುರುಗುಟ್ಟುತ್ತ, ಒಂದೇ ಹದದಲ್ಲಿ, ಯಾರ ಹಂಗೂ ಇಲ್ಲದ ಹಾಗೆ ಮೇಲಕ್ಕೆ ಹೋಯಿತು. ತೀರ್ಪು ಆಗಿಹೋಯಿತೆಂದು ಕಾನಿಸ್ ಹಾಡತೊಡಗಿದ.

ಗೋಲೋ ವಾತುನಲ್ಲಿ ಗಾಡಿಯ ಹಿಂಬಾಗಿಲು ತೆರೆದಾಗ ಅವನ ಹಾಡು ನಿಂತಿತು. ಹಿಂಬದಿಯಲ್ಲಿ ಹೊಗೆಯ ವಾಸನೆ ಅಡರಿತ್ತು. ರೊಸಾಲಿಯಾಗೆಂದು ತಂದ ಗೌನಿನ ಚೀಲದ ಬಾಯಿ ಕುಲುಕಾಟಕ್ಕೆ ಬಿಚ್ಚಿಕೊಂಡು, ಬಿಳಿ ಅಂಚಿನ ಮೇಲೆ ಕಾಡಿಗೆ ಎಳೆದಂತೆ ಮಸಿ ಕೂತಿತ್ತು. ಯೋವಿತಾ ಬಾಗಿಲ ಸುತ್ತ ಬೆರಳಾಡಿಸಿದಳು. ಕೆಳಗಡೆ ರಬ್ಬರು ಹರಿದು ಜೋತಾಡುತ್ತಿತ್ತು.

"ನಿಂಗೆ ಗೊತ್ತಿತ್ತಾ ಇದು?"

"ಸ್ವಲ್ಪ ಹರಿದಿತ್ತು ಅಕ್ಕ... ನಮ್ಮ ಟ್ರಕ್ಕಿಗೆ ಬಾಗಿಲೇ ಇಲ್ವಲ್ಲ, ಅದಕ್ಕೆ ಅಷ್ಟೇನೂ..."

"ನೀನು ಹಂದಿ ಹೊರೋನು ಕಣೋ. ನಾನು ಗೌನು ಹೊರೋಳು."

ಬೆನ್ಯಾಮಿನ್ ಕನ್ನಡಿ ಇಳಿಸಿ ಮನೆಯೊಳಗೆ ಒಯ್ದ.

ರೊಸಾಲಿಯಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ತನ್ನ ಮದುವೆಯ ದಿನವೂ ಅವಳು ಒಲೆಯ ಮುಂದೆಯೇ ಇದ್ದಳು. ಗೌನನ್ನು ಮೂಸಿ ನೋಡಿ ನಕ್ಕಳು. "ಬಿಡವ್ವಾ, ಇಷ್ಟು ವರ್ಷ ಸೌದೆ ಹೊಗೆ ಕುಡಿದೋಳಿಗೆ ಇದ್ಯಾವ ಲೆಕ್ಕ. ಹಾಗೇ ತೊಡಿಸು."

"ಇಲ್ಲ ಅಕ್ಕ. ಇಷ್ಟು ವರ್ಷ ಕಾದಿದೀರಿ. ಇನ್ನೊಂದು ಗಳಿಗೆ ಕಾಯಿರಿ, ನಾನು ಮಾತು ಕೊಟ್ಟ ಹಾಗೇ ತೊಡಿಸ್ತೀನಿ."

ಅವಳು ಗೌನನ್ನು ಗುಡ್ಡದ ಅಂಚಿನಲ್ಲಿ ಬಿದಿರ ಗಳಕ್ಕೆ ತೂಗುಹಾಕಿದಳು. ಕಣಿವೆಯ ಗಾಳಿಗೆ ಅದು ಉಬ್ಬಿ, ಒಳಗೆ ಯಾರೋ ಇದ್ದಾರೆಂಬಂತೆ ಕುಣಿಯಿತು. ಮಸಿ ಹಿಡಿದ ಲೇಸನ್ನು ಬಿಚ್ಚಿ ಬೇರೆ ಗೌನಿನ ಲೇಸು ತಂದು ಹೊಲಿದಳು. ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಸುತ್ತ ಸೇರಿದ್ದರು. ಗೌನು ತೊಟ್ಟ ರೊಸಾಲಿಯಾ ಕನ್ನಡಿಯ ಮುಂದೆ ನಿಂತಳು. ಅವಳು ತನ್ನನ್ನೇ ಪಾದದಿಂದ ಕಿರೀಟದ ತನಕ ನೋಡಿದಳು. ಆ ಮನೆಯಲ್ಲಿದ್ದದ್ದು ಗೋಡೆಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿ. ತಾನು ಪೂರ್ತಿಯಾಗಿ ಹೇಗೆ ಕಾಣುತ್ತೇನೆಂದು ಅವಳು ನೋಡಿದ್ದು ಅದೇ ಮೊದಲು.

"ಅಮ್ಮಾ, ಅಪ್ಪಂಗೆ ಗುರುತು ಸಿಗಲ್ಲ," ಎಂದಳು ಮಗಳು.

"ಸಿಗದಿದ್ರೆ ಒಳ್ಳೇದೇ. ಹೊಸಬಳು ಅಂತ ಪಾತ್ರೆನಾದ್ರೂ ತೊಳೀತಾನೆ," ಎಂದಳು ರೊಸಾಲಿಯಾ. ಹೇಳುತ್ತಲೇ ಅವಳ ಕಣ್ಣು ತುಂಬಿತು. ಯೋವಿತಾ ಬಣ್ಣ ಕೆಡದಂತೆ ಕರವಸ್ತ್ರದ ತುದಿ ಒತ್ತಿದಳು.

ಚರ್ಚಿನಲ್ಲಿ ಪೂಜೆ ಮುಗಿದು ಊಟಕ್ಕೆ ಕುಳಿತಾಗ ಹೆಂಗಸರು ಒಬ್ಬೊಬ್ಬರಾಗಿ ಯೋವಿತಾಳ ಹತ್ತಿರ ಬಂದರು. ಆಚೆ ಗುಡ್ಡದವಳು ತನ್ನ ಮಗಳಿಗೂ ಗೌನು ಬೇಕೆಂದಳು. ಇನ್ನೊಬ್ಬಳು ದನಿ ತಗ್ಗಿಸಿ ತನಗೇ ಎಂದಳು, ಅವಳದೂ ಚರ್ಚಿನ ಮದುವೆ ಬಾಕಿ ಇತ್ತು. "ನಮ್ಮೂರಿಗೆ ಯಾರೂ ಬರಲ್ಲ ಅಂತಾರೆ. ನೀನು ಬರ್ತೀಯಾ?"

"ಬರ್ತೀನಿ," ಎಂದಳು ಯೋವಿತಾ, ತಟ್ಟೆಯಿಂದ ತಲೆಯೆತ್ತದೆ.

ಬೆನ್ಯಾಮಿನ್‌ಗೆ ಕೇಳಿಸಿತು. ಕಾಫಿ ಲೋಟ ಹಿಡಿದು ಅವಳ ಪಕ್ಕ ಬಂದು ಕುಳಿತ. "ನೋಡು, ಜಗಳಕ್ಕಲ್ಲ, ಕೇಳ್ತಿದೀನಿ. ನಿನ್ನ ಮದುವೆಗಳೆಲ್ಲ ಹೆಚ್ಚೂಕಡಿಮೆ ಪೇಟೆಯಲ್ಲೇ. ಮನೆಯಿಂದ ಚರ್ಚು, ಚರ್ಚಿಂದ ಮನೆ. ಅದಕ್ಕೆ ಹೆರ್ಮನ್ ಕಾರೇ ಸರಿ. ಅಪರೂಪಕ್ಕೊಂದು ಗುಡ್ಡಕ್ಕೆ ಅಂತ ಈ ಸದ್ದು, ಈ ಹೊಗೆ ಯಾಕೆ ಕಟ್ಕೋಬೇಕು?"

"ಅಪರೂಪ ಯಾಕೆ ಹೇಳಿ? ನನ್ನ ಹತ್ರ ಹತ್ತೋ ಗಾಡಿ ಇರಲಿಲ್ಲ, ಅದಕ್ಕೆ. ಪೇಟೆ ಹುಡುಗೀರಿಗೆ ನಾನಲ್ಲದಿದ್ರೆ ಇನ್ನೊಬ್ಬಳು ಸಿಗ್ತಾಳೆ. ನೀವು ಹೇಳಿದ ದೋಷ ಒಂದೂ ಸುಳ್ಳಲ್ಲ. ಸದ್ದು ಇದೆ, ಹೊಗೆ ಇದೆ, ಚಳಿಗೆ ಮುನಿಸ್ಕೊಳತ್ತೆ. ಆದ್ರೆ ಅವೆಲ್ಲ ನಾನು ತಡ್ಕೊಳೋ ಕಷ್ಟ. ಆ ಕಾರಿನ ದೋಷ ಒಂದೇ, ಸಾಮಾನು ಹೊತ್ತು ಇಲ್ಲಿಗೆ ಬರಲ್ಲ. ಅದನ್ನ ತಡ್ಕೊಳೋಳು ಇವಳು." ಅವಳು ಗದ್ದದಿಂದ ರೊಸಾಲಿಯಾಳನ್ನು ತೋರಿಸಿದಳು. ಆಕೆ ಗೌನನ್ನು ಎತ್ತಿ ಹಿಡಿದು ಗಂಡನ ಜೊತೆ ಅಂಗಳದಲ್ಲಿ ಹೆಜ್ಜೆ ಹಾಕುತ್ತಿದ್ದಳು.

ಬೆನ್ಯಾಮಿನ್ ಕಾಫಿ ಮುಗಿಸಿದ. "ಹೆರ್ಮನ್‌ಗೆ ನಾನೇ ಹೇಳ್ತೀನಿ," ಎಂದ.

ಡೀಸೆಲ್ ಗಾಡಿ ಮನೆಗೆ ಬಂತು. ಯೋವಿತಾ ಮೊದಲು ಮಾಡಿಸಿದ ಕೆಲಸ ಬಾಗಿಲಿಗೆ ಹೊಸ ರಬ್ಬರು. ಆಮೇಲೆ ಎಂಜಿನ್ನಿನ ಮಸಿ ತೆಗೆಸಿ, ಗೌನುಗಳಿಗೆ ಮುಚ್ಚಳವಿರುವ ಉದ್ದನೆಯ ಮರದ ಪೆಟ್ಟಿಗೆ ಕೂರಿಸಿದಳು. ಓಡಿಸಲು ಕಾನಿಸ್ ಕಲಿಸಿದ. ಕಲಿಸುವಾಗ ಅವನು ಕಿರುಚಿದ್ದಕ್ಕೆ ಅವನನ್ನು ಒಮ್ಮೆ ನಡುದಾರಿಯಲ್ಲಿ ಇಳಿಸಿ ಅವಳೊಬ್ಬಳೇ ಓಡಿಸಿಕೊಂಡು ಬಂದಳು.

ಮುಂದಿನ ಮಳೆಗಾಲಕ್ಕೆ ಡೀಸೆಲ್ ಅಭಾವದ ವಾರವೂ ಬಂತು. ಗಂಡ ಹೇಳಿದ್ದ ಹಾಗೆಯೇ ಟ್ರಕ್‌ಗಳ ಸಾಲು ಚರ್ಚಿನ ಗೇಟು ಮುಟ್ಟಿತ್ತು. ಮರುದಿನ ದೂರದ ಗುಡ್ಡದಲ್ಲಿ ಮದುವೆ ಇತ್ತು. ಎರಡು ಟ್ರಕ್‌ಗಳ ನಡುವೆ ಗಾಡಿ ನಿಲ್ಲಿಸಿ, ಮಡಿಲಲ್ಲಿ ಕಿರೀಟ ಇಟ್ಟುಕೊಂಡು ಯೋವಿತಾ ಉದುರಿದ ಮಣಿಗಳನ್ನು ಪೋಣಿಸುತ್ತ ಕುಳಿತಳು. ಬೆನ್ಯಾಮಿನ್ ಶಾಲೆಯಿಂದ ನಡೆದು ಬಂದು ಕಿಟಕಿಯ ಹತ್ತಿರ ನಿಂತ. ಎಲೆಯಲ್ಲಿ ಕಟ್ಟಿದ ಅನ್ನ ಕೊಟ್ಟ.

"ನಾನು ಹೇಳಿದ್ದೆ," ಎಂದ.

"ಹೌದು ಹೇಳಿದ್ರಿ. ಒಳಗೆ ಬನ್ನಿ, ಮಳೆಯಲ್ಲಿ ನಿಂತು ಹೇಳ್ಬೇಡಿ."

ಅವನು ಹತ್ತಿ ಕುಳಿತ. ಸಾಲು ಒಂದು ಗಾಡಿಯಷ್ಟು ಮುಂದೆ ಸರಿಯಿತು. ಅವಳು ಕಿರೀಟವನ್ನು ಅವನ ಕೈಗೆ ಕೊಟ್ಟು ಗೇರು ಹಾಕಿದಳು.