ನೆಟ್ಟಗೆ ಇಳಿದ ಹಡಗು

“ಎಷ್ಟು ಮಂದಿ ಸತ್ತಾರ, ತಮ್ಮಾ?”

ಪಕ್ಕದ ಮನೆಯ ತಿಮ್ಮವ್ವ ಬುತ್ತಿಗಂಟು ಹಿಡಿದು ಅಂಗಳಕ್ಕೆ ಬಂದಿದ್ದಳು. ಹಿಂದೆ ಓಣಿಯ ಏಳೆಂಟು ಮಂದಿ.

“ಯಾರೂ ಸತ್ತಿಲ್ಲ, ಚಿಗವ್ವ. ಬರೀ ಹಡಗ ಅದು.”

ತಪ್ಪು ಅಮರಪ್ಪನದೇ. ಬೆಳಿಗ್ಗೆ ಗೋಗಿ ಊರಿನ ಚಹಾದಂಗಡಿಯಲ್ಲಿ ‘ಇವತ್ತು ನನ್ನ ಹಡಗು ಮುಳುಗ್ತದ’ ಅಂದಿದ್ದ. ಕೇಳಿದವರು ಸಾವಿನ ಸುದ್ದಿಯೆಂದೇ ತಿಳಿದರು. ನೌಕಾಪಡೆಯಲ್ಲಿದ್ದಾಗ ಹದಿನೈದು ವರ್ಷ ಅದರ ಎಂಜಿನ್ ಕೋಣೆಯಲ್ಲಿ ದುಡಿದವನು. ಈಗ ಶಹಾಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ರೊಟ್ಟಿ ತರಬೇಕು, ಹಿರಿಯಳೊಬ್ಬಳು ಮೊದಲ ತುತ್ತು ತಿನ್ನಿಸಬೇಕು. ಅಲ್ಲಿಯವರೆಗೆ ಬಂದವರು ಏಳುವಂತಿಲ್ಲ. ಎಲ್ಲರೂ ಕೂತುಬಿಟ್ಟರು.

ಅವನು ರಜೆ ಹಾಕಿದ್ದ. ಹಳೆಯ ಬಿಳಿ ಸಮವಸ್ತ್ರ ತೊಟ್ಟು, ನೇರ ಪ್ರಸಾರ ನೋಡಲು ಫೋನನ್ನು ತಂಬಿಗೆಗೆ ಆನಿಸಿಟ್ಟಿದ್ದ. ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದಿದ್ದವು.

“ಹಡಗಿಗೆ ವಯಸ್ಸಾಗ್ಯದ. ಸರಕಾರನ ಮುಳುಗಸಾಕತ್ತದ. ಅದರಾಗ ಮೀನ ಮನಿ ಮಾಡ್ತಾವ. ನೀರಾಗ ಇಳದು ನೋಡಾಕ ಮಂದಿ ಬರ್ತಾರ.”

“ಶಾಭಾಸ್,” ಎಂದ ಕೂತವರಲ್ಲಿದ್ದ ಫಕೀರಸಾಬ. “ಮನಿ ಬೇಕಂತ ಮೀನ ಅರ್ಜಿ ಹಾಕಿದ್ವೇನು?”

ಎಲ್ಲರೂ ನಕ್ಕರು. ತಿಮ್ಮವ್ವ ನಗಲಿಲ್ಲ. ಅವಳ ತವರೂರು ಆಣೆಕಟ್ಟಿನ ಹಿನ್ನೀರಿನ ಕೆಳಗಿತ್ತು.

“ನಮ್ಮೂರೂ ಹಂಗ ಮುಳುಗಿಸ್ಯಾರ. ನೋಡಾಕ ಯಾರೂ ಬರಲಿಲ್ಲ.”

ಅಮರಪ್ಪನಿಗೆ ಸಿಟ್ಟು ಬಂತು. ಇದು ಸಾವಲ್ಲ, ಗೌರವ. ಇಷ್ಟನ್ನು ಇವರು ಒಪ್ಪದಿದ್ದರೆ ಆ ಹದಿನೈದು ವರ್ಷಗಳಿಗೆ ಏನರ್ಥ?

ತಳಕ್ಕಿಟ್ಟ ಮದ್ದು ಸಿಡಿದು ಪರದೆಯಲ್ಲಿ ಹೊಗೆ ಎದ್ದಿತು. ಹಡಗು ವಾಲಲಿಲ್ಲ. ನೆಟ್ಟಗೆ, ಅವಸರವಿಲ್ಲದೆ ಇಳಿಯತೊಡಗಿತು.

“ನೋಡ್ರಿ! ಒಂಚೂರೂ ವಾಲಿಲ್ಲ! ಹಂಗ ಇಟ್ಟಿದ್ವಿ ನಾವು!”

ಅವನ ಎದೆ ನಿಜವಾಗಿಯೂ ಉಬ್ಬಿತು.

“ಹೌದಪ್ಪ, ನೆಟ್ಟಗ ಹೋತು,” ಎಂದಳು ತಿಮ್ಮವ್ವ, ಸಣ್ಣ ಮಗುವಿಗೆ ಹೇಳುವಂತೆ. “ಈಗ ಬಾಯಿ ತಗಿ.”

ತುತ್ತು ತುಟಿಗೆ ತಾಕಿತು. ಅವನು ಹಲ್ಲು ಕಚ್ಚಿ ಎದ್ದು ನಿಂತ. ಪರದೆಯ ಮೇಲೆ ಬರೀ ನೊರೆ. ಬಲಗೈ ತಾನಾಗಿ ಸೆಲ್ಯೂಟಿಗೆ ಹಣೆಗೆ ಹೋಯಿತು.

ಕೂತವರು ಮುಖ ಮುಖ ನೋಡಿಕೊಂಡರು. ಹಡಗಿನವರ ಸಾವಿನ ಪದ್ಧತಿ ಹೀಗಿರಬಹುದು. ಮೊದಲು ಫಕೀರಸಾಬ ಎದ್ದ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ತಿಮ್ಮವ್ವ ತುತ್ತನ್ನು ಎಡಗೈಗೆ ದಾಟಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಲಗೈ ಹಣೆಗಿಟ್ಟಳು.

ಫೋನಿನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಮುಖವೂ ಅವನ ಕಡೆಗಿತ್ತು.

ಅವನು ಕೈ ಇಳಿಸಿದ. ಅವರು ಇಳಿಸಲಿಲ್ಲ.