ಇಪ್ಪತ್ತನೆಯ ಹಾಜರಿ

ಮರಾಠಿ ಊರಿನ ಕೊಂಢವಾ ಬಡಾವಣೆಯಲ್ಲಿದ್ದ ನಮ್ಮ ನರ್ಸಿಂಗ್ ಹೋಮಿನಲ್ಲಿ ರೋಗಿಗಳಿಗಿಂತ ಹೆಚ್ಚು ಹೆದರಿದ್ದವಳು ನಾನು. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಅದರಲ್ಲಿದ್ದದ್ದು ಹತ್ತೊಂಬತ್ತೇ ಹೆಸರು. ಇಪ್ಪತ್ತನೆಯವಳಾದ ಆಯಾ ಸಾವಂತ್ರವ್ವನ ಹಾಜರಿಯನ್ನು ನಾನು ಬೇರೊಂದು ಸಣ್ಣ ವಹಿಯಲ್ಲಿ ಬರೆದು ಡ್ರಾಯರಿನಲ್ಲಿ ಇಡುತ್ತಿದ್ದೆ.

"ಇಪ್ಪತ್ತು ಮಂದಿ ಆದ್ರ ಸರ್ಕಾರಿ ವಿಮಾ ಬೆನ್ನು ಹತ್ತತದ, ಎಲ್ಲಾರ ಹೆಸರಿಗೂ ರೊಕ್ಕ ಕಟ್ಟಬೇಕಾಗತದ. ಇಂದೂ, ನಿಯಮ ಎಲ್ಲಾ ಓದಿ ಹೇಳು," ಎಂದು ನಮ್ಮ ಮಾಲೀಕರಾದ ಪ್ರಲ್ಹಾದ ಡಾಕ್ಟರು ನನ್ನನ್ನು ಶಿವಾಜಿನಗರದ ವಿಮಾ ಕಚೇರಿಗೆ ಕಳಿಸಿ ಪುಸ್ತಿಕೆ ತರಿಸಿದ್ದರು. ಸರ್ಕಾರಿ ಮರಾಠಿ ಓದುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಮೂರು ದಿನ ಕೂತು ಓದಿದೆ. ಟೆಂಪರರಿ ಕೆಲಸದವರೂ ಲೆಕ್ಕಕ್ಕೆ ಬರುತ್ತಾರೆ, ಹೆಸರು ಸೇರಿದ ದಿನದಿಂದಲೇ ಚಿಕಿತ್ಸೆ ಸಿಗುತ್ತದೆ ಎಂದಿತ್ತು. ಅದನ್ನು ಹೇಳಿದ ದಿನವೇ ಡಾಕ್ಟರು ಬೇರೆ ವಹಿ ಇಡಿಸಿದರು. ಸಾವಂತ್ರವ್ವ ಆರು ವರ್ಷದಿಂದ ಟೆಂಪರರಿ! ಬಾಯಿ ಮುಚ್ಚಿಕೊಂಡು ಇಟ್ಟವಳು ನಾನೇ, ನಾಚಿಕೆಗೆಟ್ಟವಳು.

ಹೋದ ವಾರ ಸಾವಂತ್ರವ್ವ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದು, ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ಲಿಂಬೆಹಣ್ಣಿನಷ್ಟು ಗಂಟು.

"ಯಾರಿಗೂ ಹೇಳಬ್ಯಾಡ್ರಿ ಬಾಯಾರ, ಕೆಲಸ ಹೋಗತದ. ವಿಮಾದಾಗ ನಂದೂ ಹೆಸರ ಬರತದ ಏನ್ರಿ?"

"ಬರತದ," ಎಂದೆ. ಆ ಸುಳ್ಳು ಹೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ವಿಮಾ ಇನ್ಸ್‌ಪೆಕ್ಟರ್ ಕೆಲಸದವರನ್ನು ಎಣಿಸಲು ಬರುವ ದಿನ ಡಾಕ್ಟರು ಸಾವಂತ್ರವ್ವನ ಆಯಾ ಸೀರೆ ಬಿಡಿಸಿ, ರೋಗಿಯ ಗೌನು ಹಾಕಿಸಿ, ನಾಲ್ಕನೇ ಕಾಟಿನ ಮೇಲೆ ಮಲಗಿಸಿದರು. ಕೇಳಿದರೆ ಜ್ವರ ಅನ್ನಬೇಕು, ಅಷ್ಟೆ.

ಹನ್ನೊಂದಕ್ಕೆ ಬಂದ ಇನ್ಸ್‌ಪೆಕ್ಟರ್ ಎಲ್ಲರನ್ನೂ ಎಣಿಸಿದ. ಹತ್ತೊಂಬತ್ತು. ಪುಸ್ತಕ ಮುಚ್ಚಿದ. ಬದುಕಿದೆ ಅಂದುಕೊಂಡೆ. ಹೊರಡುವಾಗ ಅವನು ನಾಲ್ಕನೇ ಕಾಟಿನ ಬಳಿ ನಿಂತು, ಸುಮ್ಮನೆ ಮಾತಿಗೆಂದು ಮರಾಠಿಯಲ್ಲಿ ಕೇಳಿದ: "ಏನಾಗಿದೆ ಮಾವಶಿ?"

ಆರು ವರ್ಷದಲ್ಲಿ ಅವಳನ್ನು ಆ ಕಟ್ಟಡದಲ್ಲಿ ಯಾರೂ ಹಾಗೆ ಚಿಕ್ಕಮ್ಮ ಎಂದು ಕರೆದು ಕೇಳಿರಲಿಲ್ಲ. ಅವಳು ನನ್ನ ಕಡೆ ನೋಡಿದಳು. ಆಮೇಲೆ ಮರಾಠಿಯಲ್ಲೇ, "ಎದೆಯಲ್ಲಿ ಗಂಟಾಗಿದೆ ಸಾಹೇಬ. ಎಂಟು ತಿಂಗಳಾಯಿತು," ಎಂದಳು.

ಡಾಕ್ಟರ ಮುಖ ಬಿಳಿಚಿತು. ದಿನಾ ಅವಳ ಕೈಯಿಂದಲೇ ಚಹಾ ಕುಡಿಯುತ್ತಿದ್ದ ಅವರಿಗೂ ಇದು ಗೊತ್ತಿರಲಿಲ್ಲ.

"ಇವರ ಕೇಸ್ ಪೇಪರ್ ತೋರಿಸಿ," ಎಂದ ಇನ್ಸ್‌ಪೆಕ್ಟರ್.

ಡಾಕ್ಟರು ನನ್ನನ್ನೇ ದುರುಗುಟ್ಟಿ ನೋಡಿದರು. ಡ್ರಾಯರ್ ಎಳೆದೆ. ಖಾಲಿ ಕೇಸ್ ಪೇಪರುಗಳ ಕಟ್ಟು, ಅದರ ಕೆಳಗೆ ಸಣ್ಣ ವಹಿ. ಜ್ವರ ಎಂದು ಎರಡು ಸಾಲು ಗೀಚಿದರೆ ನನ್ನ ಕೆಲಸ ಉಳಿಯುತ್ತದೆ, ನಾಳೆ ಅವಳು ಮತ್ತೆ ಬೆಡ್‌ಪ್ಯಾನ್ ತೊಳೆಯುತ್ತಾಳೆ, ಗಂಟು ಬೆಳೆಯುತ್ತದೆ. ಅಷ್ಟು ಅಂಜಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಮರಾಠಿಯೇ ಮರೆತುಹೋಗಿತ್ತು.

"ಕೇಸ್ ಪೇಪರ್ ಇಲ್ರಿ," ಎಂದು ವಹಿಯನ್ನು ಇನ್ಸ್‌ಪೆಕ್ಟರನ ಕೈಗೆ ಕೊಟ್ಟೆ. "ಹಾಜರಿ ಅದ."